ಹೂಂ ಅಂದು ಎದ್ದು ಬರುವ ಮುನ್ನ

ಆಸ್ಟ್ರೇಲಿಯಾದಲ್ಲಿ ಬ್ರಿಸ್ಬೇನ್ ನದಿ ಮೂರು ಕಡೆಯಿಂದ ಬಳಸಿಕೊಂಡು ಹರಿಯುವ ಸೇಂಟ್ ಲೂಸಿಯಾದಲ್ಲಿ ಅಕ್ಟೋಬರ್ ಬಂತೆಂದರೆ ಜಕರಾಂಡ ಮರಗಳೆಲ್ಲ ನೇರಳೆ. ಅಲ್ಲಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆ ಹೂವಿಗೂ ಪರೀಕ್ಷೆಯ ದಿಗಿಲಿಗೂ ನಂಟು. 'ಪರ್ಪಲ್ ಪ್ಯಾನಿಕ್' ಎಂದೇ ಅದಕ್ಕೆ ಹೆಸರು. ಹೂ ಬಿಟ್ಟ ಮೇಲೂ ಓದಲು ಕೂರದವನ ಕಥೆ ಮುಗಿಯಿತು ಅಂತ ಹುಡುಗರು ನಗಾಡಿಕೊಳ್ಳುತ್ತಾರೆ.

ನಗಲಾಗದವರೂ ಇರುತ್ತಾರೆ. ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಇವನು ನಿಜವಾದ ಯಾರೋ ಒಬ್ಬನಲ್ಲ, ಹಲವರಿಂದ ಒಂದೊಂದು ಎಳೆ ತೆಗೆದು ಮಾಡಿದವನು. ಹಾಸನದ ಕಡೆಯವನು, ಡೇಟಾ ಸೈನ್ಸ್ ಸ್ನಾತಕೋತ್ತರ ಓದಲು ಬಂದಿದ್ದಾನೆ. ಅಪ್ಪ ಮನೆ ಪತ್ರ ಅಡವಿಟ್ಟು ಸಾಲ ಎತ್ತಿದ್ದಾರೆ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ 48 ಗಂಟೆ ಸೂಪರ್ ಮಾರ್ಕೆಟಿನಲ್ಲಿ ಸಾಮಾನು ಜೋಡಿಸುವುದರಲ್ಲಿ ಕಳೆಯುತ್ತವೆ. ಊರಲ್ಲಿ ಅಮ್ಮ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಫೋನ್ ಹಚ್ಚಿದರೆ ಇಲ್ಲಿ ನಡುರಾತ್ರಿ ಒಂದೂವರೆ. "ಊಟ ಆಯ್ತೇನೋ?" "ಆಯ್ತಮ್ಮ." "ಓದು ಹೆಂಗೆ?" "ಚೆನ್ನಾಗಿದೆ." ಎರಡು ಅಸೈನ್‌ಮೆಂಟು ಬಾಕಿ. ಪ್ರಾಧ್ಯಾಪಕರ ಇಮೇಲ್ ಬಂದು ಮೂರು ವಾರವಾಗಿದೆ, ತೆರೆದು ನೋಡಿಲ್ಲ. ಹೊಟ್ಟೆ ಉರಿ, ಎದೆ ಹಿಡಿದ ಹಾಗೆ. ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ಡಾಕ್ಟರ ಹತ್ತಿರ ಹೋಗುತ್ತಾನೆ.

ಗ್ಯಾಸ್ಟ್ರಿಕ್ ಎಂದು ಹೋಗುವುದರಲ್ಲಿ ನಾಟಕವಿಲ್ಲ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಜೊತೆಗಾರರು ಬೆಂಗಳೂರಿನ ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡಿತ್ತು: ಮೈನೋವು ಎಲ್ಲರಿಗೂ ಬರುವಂಥದ್ದು, ಹೇಳಿಕೊಂಡರೆ ಮಾನ ಹೋಗದು, ಮನಸ್ಸು ಕುಗ್ಗಿದೆ ಎಂದರೆ ಮದುವೆ, ಮನೆತನ ಎಲ್ಲಕ್ಕೂ ಕುತ್ತು ಎಂಬುದು ರೋಗಿಗಳ ಲೆಕ್ಕಾಚಾರ. ಬ್ರಿಸ್ಬೇನ್‌ಗೆ ವಿಮಾನ ಹತ್ತುವಾಗ ಈ ಲೆಕ್ಕವೂ ಸೂಟ್‌ಕೇಸಿನೊಳಗೆ ಬಂದಿರುತ್ತದೆ. ಇಲ್ಲಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಮಾತ್ರೆ ಬರೆದು, ಜೊತೆಗೆ ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನೂ ಕೊಡಬಹುದು. ಕಳೆದ ನಾಲ್ಕು ವಾರದಲ್ಲಿ ಕಾರಣವಿಲ್ಲದೆ ಎಷ್ಟು ಸಲ ಸುಸ್ತೆನಿಸಿತು, ಎಷ್ಟು ಸಲ ಯಾವ ಭರವಸೆಯೂ ಇಲ್ಲ ಅನ್ನಿಸಿತು, ಹೀಗೆ. ಕೆ-10 ಎನ್ನುತ್ತಾರೆ, ಅಂಕ 10ರಿಂದ 50ರವರೆಗೆ. ಅದು ರೋಗನಿರ್ಣಯವಲ್ಲ, ಮಾತು ಶುರುಮಾಡಲು ಒಂದು ನೆಪ. ಅಲ್ಲಿಂದ ಹುಡುಗ ಥೆರಪಿಸ್ಟ್ ಒಬ್ಬರ ಮುಂದೆ ಬಂದು ಕೂರುತ್ತಾನೆ.

ಕೂತವನು ಎಲ್ಲ ಹೇಳಿ ಮುಗಿಸಿ ಕೇಳುವ ಮೊದಲ ಪ್ರಶ್ನೆ: "ಈಗ ನಾನೇನು ಮಾಡಬೇಕು, ಹೇಳಿ." ಎದುರಿನವರು ಹೇಳುವುದಿಲ್ಲ. "ನಿಮಗೆ ಏನು ಮಾಡಬೇಕು ಅನ್ನಿಸುತ್ತಿದೆ?" ಎಂದು ತಿರುಗಿ ಕೇಳುತ್ತಾರೆ. ಗೊತ್ತಿದ್ದರೆ ಇಲ್ಲಿಗೇಕೆ ಬರುತ್ತಿದ್ದೆ ಎಂದು ಅವನ ಒಳಗು ಸಿಡಿಮಿಡಿಗೊಳ್ಳುತ್ತದೆ. ಬಾಯಿ ಮಾತ್ರ "ಹೂಂ, ಸರಿ" ಅನ್ನುತ್ತದೆ. ಮುಂದಿನ ವಾರ ಅವನು ಹೋಗುವುದಿಲ್ಲ.

ಥೆರಪಿಯ ಬಗ್ಗೆ ಕನ್ನಡದವರಿಗೆ ಏನಾದರೂ ಮೊದಲೇ ಹೇಳಬೇಕಿದ್ದರೆ ಅದು ಈ 'ಹೂಂ' ಬಗ್ಗೆ.

ಸಲಹೆಯ ನಿರೀಕ್ಷೆ ನಮ್ಮಲ್ಲಿ ಹೊಸದಲ್ಲ, ತಪ್ಪೂ ಅಲ್ಲ. ಮುಂದೆ 1974ರಲ್ಲಿ ನಿಮ್ಹಾನ್ಸ್ ಆದ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ 1964ರಲ್ಲೇ ಇದನ್ನು ಬರೆದಿಟ್ಟರು. ಪಶ್ಚಿಮದ ಪಠ್ಯಪುಸ್ತಕದ ರೋಗಿ ತನ್ನೊಳಗನ್ನು ಅಗೆದು ನೋಡಲು ಬರುತ್ತಾನೆ. ನಮ್ಮ ರೋಗಿಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ, ಅವನಿಗೆ ಬೇಕಾದದ್ದು ಕಷ್ಟಕಾಲಕ್ಕೆ ಆಸರೆಯಾಗುವ, ದಾರಿ ತೋರಿಸುವ ಹಿರಿಯರು. ಅಂಥವರ ಮೇಲೆ ಅವಲಂಬಿಸುವುದು ಅವನಿಗೆ ನಾಚಿಕೆಯ ವಿಷಯವೂ ಅಲ್ಲ ಎಂಬುದು ಅವರ ಅನುಭವ. ಮನಸ್ಸಿನ ವಿಚಾರ ಕನ್ನಡಕ್ಕೆ ಪರಕೀಯವೇನೂ ಆಗಿರಲಿಲ್ಲ. 'ಕೊರವಂಜಿ'ಯಲ್ಲಿ ನಾಡನ್ನು ನಗಿಸಿದ ರಾ.ಶಿ., ಅಂದರೆ ಡಾ. ಎಂ. ಶಿವರಾಂ, ಮನಶ್ಶಾಸ್ತ್ರದ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲೇ ಬರೆದ ಪುಸ್ತಕಗಳು ಸಾಲುಸಾಲು. ಆದರೆ ನಮ್ಮ ವಾರಪತ್ರಿಕೆಗಳಲ್ಲಿ ಮನಸ್ಸಿನ ಮಾತು ನಮಗೆ ಹೆಚ್ಚಾಗಿ ಸಿಕ್ಕಿದ್ದು ಪ್ರಶ್ನೋತ್ತರ ಅಂಕಣದಲ್ಲಿ: ಆರು ಸಾಲಿನ ಸಂಕಟ, ಹತ್ತು ಸಾಲಿನ ಉತ್ತರ. ಥೆರಪಿಯೂ ಅದೇ ಇರಬೇಕು, ಸ್ವಲ್ಪ ಉದ್ದವಾಗಿರಬಹುದು ಅಂದುಕೊಳ್ಳುವುದು ಸಹಜ.

ಹಾಗಾದರೆ ಆ ಕೋಣೆಯಲ್ಲಿ ಏನು ನಡೆಯುತ್ತದೆ? ಮೊದಲ ದಿನ ಅರ್ಧ ಹೊತ್ತು ಕಾಗದಪತ್ರಕ್ಕೆ ಹೋಗುತ್ತದೆ. ಹೇಳಿದ್ದು ಗುಟ್ಟಾಗಿರುತ್ತದೆ ಎಂಬ ಮಾತು, ಜೊತೆಗೆ ಅದರ ಮಿತಿ: ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡರೆ, ಮಗುವಿಗೆ ಹಿಂಸೆಯಾಗುತ್ತಿದ್ದರೆ, ನ್ಯಾಯಾಲಯ ಕೇಳಿದರೆ ಗುಟ್ಟು ಗುಟ್ಟಾಗಿ ಉಳಿಯದು. ಈ ಪಟ್ಟಿಯಲ್ಲಿ ಅಪ್ಪ-ಅಮ್ಮ ಇಲ್ಲ, ಪ್ರಾಧ್ಯಾಪಕರಿಲ್ಲ, ವೀಸಾ ಕಚೇರಿಯೂ ಇಲ್ಲ. ಕೌನ್ಸೆಲಿಂಗ್‌ಗೆ ಹೋದರೆ ವೀಸಾಕ್ಕೆ ತೊಂದರೆ ಎಂಬ ವಾಟ್ಸ್ಆ್ಯಪ್ ಜ್ಞಾನ ನಮ್ಮ ಹುಡುಗರ ನಡುವೆ ಸುತ್ತುತ್ತಿರುತ್ತದೆ. ವಿಶ್ವವಿದ್ಯಾಲಯದ ಆಪ್ತಸಮಾಲೋಚಕರು ನೀವು ಬಂದಿದ್ದಿರಿ ಎಂದು ವಲಸೆ ಇಲಾಖೆಗೆ ವರದಿ ಕಳಿಸುವುದಿಲ್ಲ. ನಿಜವಾಗಿ ವೀಸಾಕ್ಕೆ ಕುತ್ತು ತರುವುದು ಹೇಳದೆ ಕೇಳದೆ ಕ್ಲಾಸಿಗೆ ಹೋಗುವುದನ್ನು ಬಿಡುವುದು. ಅನಾರೋಗ್ಯದ ದಾಖಲೆ ಇದ್ದರೆ ವಿಷಯಗಳ ಹೊರೆ ಕಡಿಮೆ ಮಾಡಿಕೊಳ್ಳಲು, ಒಂದು ಸೆಮಿಸ್ಟರ್ ಮುಂದೂಡಲು ಇಲ್ಲಿನ ನಿಯಮದಲ್ಲೇ ಅವಕಾಶವಿದೆ.

ಆಮೇಲೆ ಪ್ರಶ್ನೆಗಳು. ನಿದ್ದೆ, ಊಟ, ಕುಡಿತ, ಬಾಲ್ಯ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ. ಸಾಯಬೇಕು ಅನ್ನಿಸಿದೆಯೇ ಎಂದು ನೇರವಾಗಿಯೇ ಕೇಳುತ್ತಾರೆ. ಬೆಚ್ಚಬೇಕಿಲ್ಲ, ಎಲ್ಲರನ್ನೂ ಕೇಳುತ್ತಾರೆ. ಹೆಸರು ಹಿಡಿದು ಕರೆಯಿರಿ ಎಂದೂ ಹೇಳುತ್ತಾರೆ. ಅಮ್ಮನ ವಯಸ್ಸಿನ ಹೆಂಗಸನ್ನು ಬರೀ ಹೆಸರಲ್ಲಿ ಕರೆಯಲಾರದೆ ಹುಡುಗ ಐವತ್ತು ನಿಮಿಷವೂ ಯಾವ ಸಂಬೋಧನೆಯೂ ಇಲ್ಲದೆ ಮಾತಾಡಿ ಎದ್ದು ಬರುತ್ತಾನೆ. 'ಡಾಕ್ಟರ್' ಅಂದರೂ ಯಾರೂ ಬೇಸರಿಸುವುದಿಲ್ಲ. ಅಂದಹಾಗೆ ಇವರಲ್ಲಿ ಹೆಚ್ಚಿನವರು ಮಾತ್ರೆ ಬರೆಯುವ ಡಾಕ್ಟರಲ್ಲ. ಮಾತ್ರೆ ಬೇಕಿದ್ದರೆ ಜಿಪಿ (ಸಾಮಾನ್ಯ ವೈದ್ಯರು) ಅಥವಾ ಮನೋವೈದ್ಯರೇ ಆಗಬೇಕು.

ಹುಡುಗ ಬಿಡದೆ ಹೋದ ಎಂದುಕೊಂಡರೆ, ನಿಜವಾದ ಕೆಲಸ ಮೂರನೆಯ, ನಾಲ್ಕನೆಯ ಭೇಟಿಯ ಹೊತ್ತಿಗೆ ಶುರುವಾಗುತ್ತದೆ. ತೆರೆಯದ ಆ ಇಮೇಲನ್ನೇ ತೆಗೆದುಕೊಳ್ಳಿ. ಅದನ್ನು ನೋಡಿದಾಗ ಎದೆ ಧಸಕ್ಕೆನ್ನುತ್ತದೆ, ಫೋನ್ ಮಗುಚಿಡುತ್ತಾನೆ, ಧಸಕ್ಕು ಇಳಿಯುತ್ತದೆ. ಇಳಿದದ್ದೇ ಪಾಠವಾಗುತ್ತದೆ: ತೆರೆಯದಿದ್ದರೆ ಹಾಯೆನಿಸುತ್ತದೆ. ತುರಿ ಕೆರೆದ ಹಾಗೆ, ಕ್ಷಣದ ಸುಖಕ್ಕೆ ಗಾಯ ದೊಡ್ಡದಾಗುತ್ತ ಹೋಗುತ್ತದೆ. ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಲು ಶುರುಮಾಡಿದ, ಈಗ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಎಂದು ಎಲ್ಲರಿಗೂ ಗೊತ್ತಿರುವ ಪದ್ಧತಿಯವರು ಈ ಸುತ್ತನ್ನು ಹಾಳೆಯ ಮೇಲೆ ಬರೆದು ತೋರಿಸುತ್ತಾರೆ. ಆಮೇಲೆ ಮೆಟ್ಟಿಲು ಹಾಕುತ್ತಾರೆ. ಈ ವಾರ ಕಳಿಸಿದವರ ಹೆಸರು, ವಿಷಯದ ಸಾಲು ಮಾತ್ರ ಓದುವುದು. ಮುಂದಿನ ಸಲ ಅಲ್ಲೇ ಕೋಣೆಯಲ್ಲಿ, ಅವರೆದುರೇ ಪೂರ್ತಿ ತೆರೆಯುವುದು. ಆಮೇಲೆ ಎರಡು ಸಾಲಿನ ಉತ್ತರ. ಧಸಕ್ಕು ಬಂದರೂ ಓಡಿಹೋಗದೆ ಕೂತರೆ ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಮೈಗೆ ಗೊತ್ತಾಗಬೇಕು.

ಜೊತೆಗೆ ಮನೆಗೆಲಸವೂ ಇರುತ್ತದೆ. ಗಂಟೆಗಂಟೆಗೆ ಏನು ಮಾಡಿದೆ, ಆಗ ಮನಸ್ಸು ಹೇಗಿತ್ತು ಎಂದು ಒಂದು ವಾರ ಬರೆದಿಡುವುದು. ಖಿನ್ನತೆಯಲ್ಲಿರುವವನಿಗೆ ತನ್ನ ಇಡೀ ವಾರವೇ ಕಪ್ಪಾಗಿ ಕಾಣುತ್ತದೆ; ಬರೆದ ಹಾಳೆಯಲ್ಲಿ ಮಾತ್ರ ಶನಿವಾರ ಸಂಜೆ ಗೆಳೆಯರ ಜೊತೆ ಬಿಸಿಬೇಳೆ ಭಾತ್ ಮಾಡಿ ತಿಂದ ಎರಡು ಗಂಟೆ ಬೇರೆ ಬಣ್ಣದಲ್ಲಿರುತ್ತದೆ. ಮನಸ್ಸು ಸರಿಯಾಗಲಿ, ಆಮೇಲೆ ಹೊರಗೆ ಹೋಗುತ್ತೇನೆ ಎಂದು ಕಾಯುವ ಬದಲು ಮೊದಲು ಹೋಗು, ಮನಸ್ಸು ಹಿಂದೆ ಬರುತ್ತದೆ ಎಂಬುದು ಇದರ ಹೂರಣ. ಇದು ಬಿಳಿಯರ ಐಷಾರಾಮವೇನೂ ಅಲ್ಲ. ಕಾರವಾರ ದಾಟಿದರೆ ಸಿಗುವ ಗೋವಾದಲ್ಲಿ ವಿಕ್ರಮ್ ಪಟೇಲ್ ತಂಡದವರು ಇದೇ ತತ್ವದ ಚಿಕಿತ್ಸೆಯನ್ನು ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ಕಲಿಸಿ, ಆರರಿಂದ ಎಂಟು ಭೇಟಿಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ರೋಗಿಯ ಮನೆಯಲ್ಲೋ ಕೊಡಿಸಿ ನೋಡಿದರು. ತೀವ್ರ ಖಿನ್ನತೆಯವರಿಗೂ ಅನುಕೂಲವಾಯಿತೆಂದು 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಬರೀ ಮಾತಿನಿಂದ ಏನಾಗುತ್ತದೆ ಎಂಬ ಅನುಮಾನ ನಮ್ಮದೊಂದೇ ಅಲ್ಲ. 1952ರಲ್ಲಿ ಲಂಡನ್ನಿನ ಹ್ಯಾನ್ಸ್ ಐಸೆಂಕ್, ಥೆರಪಿ ಇರಲಿ ಬಿಡಲಿ ಎರಡು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಜನ ಸುಧಾರಿಸುತ್ತಾರೆ ಎಂದು ವಾದಿಸಿ ವೃತ್ತಿಯವರ ನಿದ್ದೆಗೆಡಿಸಿದ್ದರು. ಅಮೆರಿಕದ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 1977ರಲ್ಲಿ ಸುಮಾರು 375 ಅಧ್ಯಯನಗಳನ್ನು ಒಟ್ಟುಹಾಕಿ ಲೆಕ್ಕ ಮಾಡಿದಾಗ, ಥೆರಪಿ ಪಡೆದ ಸರಾಸರಿ ವ್ಯಕ್ತಿ ಪಡೆಯದವರಲ್ಲಿ ನೂರಕ್ಕೆ 75 ಮಂದಿಗಿಂತ ಚೆನ್ನಾಗಿದ್ದ. ಎಷ್ಟು ದಿನ ಬೇಕು? 1986ರ ಒಂದು ಪ್ರಸಿದ್ಧ ಲೆಕ್ಕದ ಪ್ರಕಾರ ಎಂಟು ಭೇಟಿಯ ಹೊತ್ತಿಗೆ ಅರ್ಧದಷ್ಟು ಜನರಿಗೆ, 26ರ ಹೊತ್ತಿಗೆ ಮುಕ್ಕಾಲು ಪಾಲು ಜನರಿಗೆ ಗುಣ ಕಂಡಿತ್ತು. ಎರಡೇ ಭೇಟಿಗೆ ಕೈಬಿಟ್ಟವನು ಈ ಲೆಕ್ಕದ ಬಾಗಿಲಲ್ಲೇ ನಿಂತಿರುತ್ತಾನೆ. ಇನ್ನೊಂದು ಮುಖವನ್ನೂ ಹೇಳಬೇಕು: ನೂರಕ್ಕೆ ಐದರಿಂದ ಹತ್ತು ಜನರ ಸ್ಥಿತಿ ಥೆರಪಿಯ ಅವಧಿಯಲ್ಲಿ ಕೆಡುತ್ತದೆ. ಅದು ಥೆರಪಿಸ್ಟರಿಗೆ ಗೊತ್ತಾಗುತ್ತದೆ ಎಂದುಕೊಂಡರೆ ತಪ್ಪು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ಥೆರಪಿಸ್ಟರನ್ನು, ನಿಮ್ಮ 550 ಜನರಲ್ಲಿ ಯಾರ ಸ್ಥಿತಿ ಹದಗೆಡಬಹುದು ಎಂದು ಕೇಳಿದರು. ಅವರು ಹೆಸರಿಸಿದ್ದು ಮೂವರನ್ನು. ಹದಗೆಟ್ಟಿದ್ದು 40 ಮಂದಿಯದು.

ಈಗ ಹುಡುಗನ 'ಹೂಂ' ಎಷ್ಟು ದುಬಾರಿ ನೋಡಿ. ಎದುರು ಕೂತವರು ಮುಖ ನೋಡಿ ಮನಸ್ಸು ಓದುವವರಲ್ಲ. ಓದುತ್ತೇವೆಂದು ಅಂದುಕೊಂಡಾಗಲೂ ತಪ್ಪುತ್ತಾರೆ. ನಾವೋ ಮರ್ಯಾದೆಗೆ ತಲೆಯಾಡಿಸುವವರು. ಡಾಕ್ಟರ ಮಾತಿಗೆ ಎದುರಾಡಬಾರದು, ಬೇಡವೆನಿಸಿದರೆ ಸುಮ್ಮನೆ ಹೋಗುವುದನ್ನು ಬಿಡಬೇಕು ಎಂಬುದು ನಮ್ಮ ಸೌಜನ್ಯ. ಅವರ ಪುಸ್ತಕದಲ್ಲಿ ಅದು "ಸಮ್ಮತಿಸಿದರು, ಮತ್ತೆ ಬರಲಿಲ್ಲ" ಎಂದು ದಾಖಲಾಗುತ್ತದೆ.

ಅಮ್ಮನ ಫೋನಿನ ವಿಷಯ ಬಂದಾಗ ಏನಾಗಬಹುದು ನೋಡೋಣ. ನಡುರಾತ್ರಿ ಒಂದೂವರೆಗೆ ಬರುವ ಕರೆ ನಿದ್ದೆ ಕೆಡಿಸುತ್ತಿದೆ, ಅದನ್ನು ಎತ್ತದೇ ಇರಬಹುದಲ್ಲ ಎನ್ನುತ್ತಾರೆ ಥೆರಪಿಸ್ಟ್. ನಿಮ್ಮ ಸುತ್ತ ಒಂದು ಗಡಿ ಬೇಕು ಎನ್ನುತ್ತಾರೆ. ಹುಡುಗನ ಕಿವಿಗೆ ಅದು ಬೀಳುವುದು ಹೀಗೆ: ಅಮ್ಮನನ್ನು ಬಿಡು. ಅವನು ಹೂಂ ಅಂದು ಎದ್ದು ಬರುತ್ತಾನೆ; ಈ ದೇಶದವರಿಗೆ ನಮ್ಮ ಮನೆ ಅರ್ಥವಾಗುವುದಿಲ್ಲ ಎಂದು ಗೆಳೆಯನಿಗೆ ಹೇಳುತ್ತಾನೆ. ಅದರ ಬದಲು ಅಲ್ಲೇ ಹೇಳಿದ್ದರೆ? "ನೀವು ಹೇಳಿದ್ದು ನನ್ನಿಂದಾಗದು. ಅಮ್ಮ ಆ ಕರೆ ಮಾಡದಿದ್ದರೆ ಮಲಗುವುದಿಲ್ಲ. ಅವರು ನನ್ನ ಮೇಲೆ ಒತ್ತಡ ಹಾಕುತ್ತಿಲ್ಲ, ನಾನು ಸುಳ್ಳು ಹೇಳುತ್ತಿರುವುದೇ ನನಗೆ ಒತ್ತಡ." ಇಷ್ಟು ಹೇಳಿದರೆ ಅಂದಿನ ಭೇಟಿಯ ದಿಕ್ಕೇ ಬದಲಾಗುತ್ತದೆ. ಕರೆಯ ಸಮಯ ಬದಲಾಯಿಸಬಹುದು: ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಸಂಜೆ ನಾಲ್ಕೂವರೆ, ಅಮ್ಮನ ಕಾಫಿಯ ಹೊತ್ತು. ಆ ಕರೆಯಲ್ಲಿ ಹೇಳಬಹುದಾದ ಒಂದೇ ಒಂದು ನಿಜದ ಮಾತು ಯಾವುದು ಎಂದು ಇಬ್ಬರೂ ಕೂತು ಯೋಚಿಸಬಹುದು. ಒಂದು ವಿಷಯದಲ್ಲಿ ಬಾಕಿ ಉಳಿಯಿತಮ್ಮ, ಮುಂದಿನ ಸಲ ಮುಗಿಸುತ್ತೇನೆ, ಎಂಬಷ್ಟು.

ನನ್ನ ಮಟ್ಟಿಗೆ, ಒಳ್ಳೆಯ ಥೆರಪಿಸ್ಟ್ ಯಾರೆಂದು ತಿಳಿಯುವುದು ಇಂಥ ಹೊತ್ತಲ್ಲೇ. ನನಗೆ ಸಲಹೆಯೂ ಬೇಕು, ಬರೀ ಪ್ರಶ್ನೆ ಸಾಲದು ಎಂದಾಗ ಒಳ್ಳೆಯವರು ಮುಖ ಗಂಟಿಕ್ಕುವುದಿಲ್ಲ. ಎಲ್ಲಿ ಹೇಳಿಕೊಡುತ್ತೇನೆ, ಎಲ್ಲಿ ಕೊಡುವುದಿಲ್ಲ, ಯಾಕೆ ಎಂದು ಬಿಡಿಸಿ ಹೇಳುತ್ತಾರೆ. ನಿದ್ದೆ ಸರಿಪಡಿಸುವುದು ಹೇಗೆ ಎಂಬುದಕ್ಕೆ ನೇರ ಸೂಚನೆಗಳಿವೆ. ಓದು ಬಿಟ್ಟು ಊರಿಗೆ ಹೋಗಲೇ ಎಂಬುದಕ್ಕೆ ಅವರು ಉತ್ತರ ಕೊಟ್ಟರೆ ನಾಳೆ ಅದರ ಫಲ ಉಣ್ಣುವವರು ನೀವು. ಪ್ರತಿ ಭೇಟಿಯ ಕೊನೆಗೆ ಕೆಲವರು ನಾಲ್ಕು ಪ್ರಶ್ನೆಯ ಚೀಟಿ ಕೊಡುತ್ತಾರೆ: ಇವತ್ತು ನಿಮ್ಮ ಮಾತು ಕೇಳಿಸಿಕೊಂಡೆನೇ, ನಿಮಗೆ ಬೇಕಾದದ್ದನ್ನೇ ಮಾತಾಡಿದೆವೇ, ಹೀಗೆ. ಸೌಜನ್ಯಕ್ಕೆ ಎಲ್ಲಕ್ಕೂ ಪೂರ್ತಿ ಅಂಕ ಕೊಡಬೇಡಿ. ಮೂರು-ನಾಲ್ಕು ಭೇಟಿಯಾದರೂ ಹೊಂದಿಕೆಯಾಗದಿದ್ದರೆ ಬೇರೆಯವರ ಹತ್ತಿರ ಕಳಿಸಿ ಎನ್ನಬಹುದು. ಅದು ಅವಮಾನವಲ್ಲ, ಅವರಿಗೆ ದಿನನಿತ್ಯದ ಮಾತು.

ದುಡ್ಡಿನ ವಿಚಾರ. ಪೌರರಿಗೆ, ಕಾಯಂ ವಾಸಿಗಳಿಗೆ ಸರಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದೆ. 2006ರ ನವೆಂಬರಿನಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ಜಿಪಿ ಒಂದು ಮಾನಸಿಕ ಆರೋಗ್ಯ ಚಿಕಿತ್ಸಾ ಯೋಜನೆ ಬರೆದುಕೊಟ್ಟರೆ ವರ್ಷಕ್ಕೆ ಹತ್ತು ಭೇಟಿಗಳಿಗೆ ಸ್ವಲ್ಪ ಹಣ ವಾಪಸ್ ಬರುತ್ತದೆ. ಆರು ಮುಗಿದ ಮೇಲೆ ಮತ್ತೆ ಜಿಪಿಯನ್ನು ಕಾಣಬೇಕು. ವಾಪಸ್ ಬಂದದ್ದು ಕಳೆದೂ ಕೈಯಿಂದ ನೂರಕ್ಕೂ ಹೆಚ್ಚು ಡಾಲರ್ ಹೋಗುವುದು ಸಾಮಾನ್ಯ. ವಿದ್ಯಾರ್ಥಿಗಳಿಗೆ ಮೆಡಿಕೇರ್ ಇಲ್ಲ, ಕಡ್ಡಾಯ ವಿಮೆ ಇದೆ; ಅದರಲ್ಲಿ ಮನಶ್ಶಾಸ್ತ್ರಜ್ಞರ ಶುಲ್ಕ ಸೇರಿದೆಯೋ ಇಲ್ಲವೋ ಎಂದು ಪಾಲಿಸಿ ಓದಿಯೇ ನೋಡಬೇಕು. ಆದರೆ ವಿಶ್ವವಿದ್ಯಾಲಯದ ಆಪ್ತಸಮಾಲೋಚನೆ ಅವರಿಗೆ ಉಚಿತ. ಸೇಂಟ್ ಲೂಸಿಯಾದಲ್ಲಿ ಇನ್ನೊಂದು ಬಾಗಿಲೂ ಇದೆ, ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ಕ್ಲಿನಿಕ್. ಅಲ್ಲಿ ನೋಡುವವರು ತರಬೇತಿಯಲ್ಲಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು, ಹಿಂದೆ ಅನುಭವಿಗಳ ಮೇಲ್ವಿಚಾರಣೆ, ಶುಲ್ಕ ಕಡಿಮೆ. ಪರ್ತ್‌ನಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ರಾಬಿನ್ ವಿಂಕ್ಲರ್ ಕ್ಲಿನಿಕ್ ಇದೇ ಬಗೆಯದು. ಕಲಿಯುವವರ ಕೈಗೆ ನನ್ನ ಮನಸ್ಸೇ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ: ಅವರು ಪ್ರತಿ ಭೇಟಿಯ ನಂತರ ಹಿರಿಯರಿಗೆ ಲೆಕ್ಕ ಒಪ್ಪಿಸುತ್ತಾರೆ, ಹದಿನೈದು ವರ್ಷದ ಅನುಭವಿಯ ಮೇಲೆ ಅಷ್ಟು ಕಣ್ಣು ಇರುವುದಿಲ್ಲ. ಖಾಸಗಿಯಾಗಿ ಹುಡುಕುವವರು ಒಂದು ವಿಷಯ ಗಮನಿಸಬೇಕು. 'ಸೈಕಾಲಜಿಸ್ಟ್' ಎಂದು ಬೋರ್ಡು ಹಾಕಲು ಇಲ್ಲಿ ನೋಂದಣಿ ಬೇಕು, ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆ ಎಎಚ್‌ಪಿಆರ್‌ಎ ಜಾಲತಾಣದಲ್ಲಿ ಹೆಸರು ಹುಡುಕಬಹುದು. 'ಕೌನ್ಸೆಲರ್', 'ಸೈಕೋಥೆರಪಿಸ್ಟ್' ಎಂಬ ಹೆಸರಿಗೆ ಅಂಥ ಕಾನೂನಿನ ಬೇಲಿಯಿಲ್ಲ.

ಕನ್ನಡದಲ್ಲೇ ಮಾತಾಡಬೇಕು ಅನ್ನುವವರು ಬೆಂಗಳೂರಿನ ಥೆರಪಿಸ್ಟರನ್ನು ವಿಡಿಯೋದಲ್ಲಿ ಹಿಡಿಯುತ್ತಾರೆ. ಅರ್ಧ ವಾಕ್ಯಕ್ಕೇ ಅರ್ಥವಾಗುವ ಸುಖ ದೊಡ್ಡದು. ಅತ್ತೆ, ನಾದಿನಿ, ಮಡಿ, ಸಾಲ ಯಾವುದಕ್ಕೂ ಅಡಿಟಿಪ್ಪಣಿ ಬೇಕಿಲ್ಲ. ತೊಡಕೂ ಇದೆ: ಅಪರಾತ್ರಿಯಲ್ಲಿ ಪರಿಸ್ಥಿತಿ ಕೈಮೀರಿದರೆ ಬೆಂಗಳೂರಿನಿಂದ ಯಾರೂ ಬಾಗಿಲು ತಟ್ಟಲಾರರು. ಭಾರತ ಸರಕಾರದ ಸಹಾಯವಾಣಿ ಟೆಲಿ-ಮಾನಸ್ 14416 ಕನ್ನಡದಲ್ಲೂ ಸಿಗುತ್ತದೆ, ಊರಲ್ಲಿರುವ ಅಪ್ಪ-ಅಮ್ಮನಿಗೆ ಅದು ಹೆಚ್ಚು ಉಪಯೋಗ. ಆಸ್ಟ್ರೇಲಿಯಾದಲ್ಲಿರುವವರು ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು ಸಂಕಟಕಾಲದ ಸಹಾಯವಾಣಿ ಲೈಫ್‌ಲೈನ್ 13 11 14. ಜೀವಕ್ಕೆ ಅಪಾಯವೆನಿಸಿದರೆ 000. ದುಭಾಷಿ ಬೇಕಿದ್ದರೆ 131 450.

ಮನೆಯವರನ್ನು ಒಳಗೊಳ್ಳಬೇಕೇ ಎಂಬುದು ಇನ್ನೊಂದು ಗೋಜಲು. ಇಲ್ಲಿನ ಥೆರಪಿಸ್ಟ್ ವಯಸ್ಕನನ್ನು ಒಬ್ಬನೇ ಕೂರಿಸುವುದೇ ಸರಿಯೆಂದು ಕಲಿತಿರುತ್ತಾರೆ. ನಿಮ್ಹಾನ್ಸ್‌ನಲ್ಲಾದರೆ ರೋಗಿಯ ಜೊತೆ ಮನೆಯವರೊಬ್ಬರು ಉಳಿಯುವುದೇ ರೂಢಿ, ಕುಟುಂಬಕ್ಕೆಂದೇ ಪ್ರತ್ಯೇಕ ವಿಭಾಗವೂ ದಶಕಗಳಿಂದ ಇದೆ. ಅಣ್ಣನನ್ನು ಒಂದು ಭೇಟಿಗೆ ಕರೆತರಲೇ ಎಂದು ಕೇಳಿದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಕೇಳಬೇಕಷ್ಟೆ. ಅಪ್ಪನಿಗೆ ಹೇಳದೆ ಮುಗಿಸಿದವರೂ ಇದ್ದಾರೆ, ಹೇಳಿ ಹಗುರಾದವರೂ ಇದ್ದಾರೆ. ಎರಡರಲ್ಲಿ ಯಾವುದು ನಿಯಮ ಅಂತ ನಾನಂತೂ ಹೇಳಲಾರೆ.

ಮುಗಿಯುವ ಬಗೆಯನ್ನು ಯಾರೂ ವಿವರಿಸುವುದಿಲ್ಲ. ದುಃಖವೆಲ್ಲ ತೀರಿ ಎದ್ದು ಬರುವ ದಿನ ಎಂಬುದೊಂದು ಇರುವುದಿಲ್ಲ. ವಾರದ ಭೇಟಿ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಆಗುತ್ತದೆ. ಕೊನೆಯ ಭೇಟಿಯಲ್ಲಿ ಇಬ್ಬರೂ ಸೇರಿ ಒಂದು ಪುಟ ಬರೆಯುತ್ತಾರೆ: ಮತ್ತೆ ಜಾರುತ್ತಿದ್ದೇನೆ ಎಂಬುದಕ್ಕೆ ನನ್ನ ಮೊದಲ ಸುಳಿವೇನು, ಆಗ ಮಾಡಬೇಕಾದ ಎರಡು ಕೆಲಸ, ಫೋನ್ ಮಾಡಬೇಕಾದ ಒಬ್ಬರು. ನಮ್ಮ ಹುಡುಗನ ಪುಟದಲ್ಲಿ ಮೊದಲ ಸುಳಿವು ಇಮೇಲ್ ತೆರೆಯದಿರುವುದು ಎಂದಿರಬಹುದು, ಫೋನಿನ ಹೆಸರು ಬಿಸಿಬೇಳೆ ಭಾತ್ ಗೆಳೆಯನದಿರಬಹುದು. ಆರು ತಿಂಗಳ ಮೇಲೆ ಮತ್ತೆ ಬೇಕೆನಿಸಿದರೆ ಅದೇ ಥೆರಪಿಸ್ಟರಿಗೆ ಬರೆಯಬಹುದು. ಹೆಚ್ಚಿನವರು ಹಳೆಯ ಟಿಪ್ಪಣಿ ತೆಗೆದು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ.